‘ಜನರು’ ಎಂಬ ಪದಕ್ಕೆ ಕೆಂಪು ಗೆರೆ

ಪರೀಕ್ಷೆಗೆ ಹತ್ತು ವಾರ ಉಳಿದಿದ್ದಾಗ ಆ ಉತ್ತರಪತ್ರಿಕೆಯ ಛಾಯಾಪ್ರತಿ ನನ್ನ ಕೈಗೆ ಬಂತು. ತಂದವರು ಬೇಲಾಪುರದ ಒಂದು ಸರಕಾರಿ ಕಚೇರಿಯ ಜವಾನರು. ವಿಜಯಪುರದ ಕಡೆಯವರು, ನಲವತ್ತು ದಾಟಿ ಕೆಲವು ವರ್ಷಗಳಾಗಿದ್ದವು. ಅಂಚೆ ಶಿಕ್ಷಣದ ಮೂಲಕ ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದುತ್ತಿದ್ದರು. ಉಳಿದ ಎಲ್ಲ ಪತ್ರಿಕೆಗಳೂ ಪಾಸಾಗಿ ಆಧುನಿಕ ಯುರೋಪಿನ ಇತಿಹಾಸ ಒಂದೇ ಎರಡು ಸಲ ಕೈಕೊಟ್ಟಿತ್ತು. ಅವರ ಕಚೇರಿಯಲ್ಲಿ ಪದವಿ ಪಡೆದ ಜವಾನರನ್ನು ಗುಮಾಸ್ತರನ್ನಾಗಿ ಮಾಡುತ್ತಾರೆ, ಆದರೆ ಅದಕ್ಕೆ ವಯಸ್ಸಿನ ಮಿತಿ ಇದೆ. ಈ ಸಲ ಆಗದಿದ್ದರೆ ಮುಂದೆ ಪಾಸಾದರೂ ಪ್ರಯೋಜನವಿರಲಿಲ್ಲ.

“ನೋಡ್ರಿ ಮೇಡಂ, ಎಲ್ಲಿ ತಪ್ಪೀನಿ ಅಂತ ನನಗ ತಿಳೀವಲ್ದು. ಪುಸ್ತಕದಾಗ ಇದ್ದದ್ದ ಬರದೀನಿ” ಎಂದರು.

ಪ್ರಶ್ನೆ ಹೀಗಿತ್ತು: ಎರಡು ಮಹಾಯುದ್ಧಗಳ ನಡುವಿನ ಯುರೋಪಿನಲ್ಲಿ ಫ್ಯಾಸಿಸಂ ಮತ್ತು ಉಗ್ರ ರಾಷ್ಟ್ರೀಯತೆ ಜನಪ್ರಿಯವಾಗಲು ಕಾರಣಗಳನ್ನು ವಿವರಿಸಿ. ಅವರು ಏಳು ಕಾರಣಗಳನ್ನು ಏಳು ಸಾಲಿನಲ್ಲಿ ಬರೆದಿದ್ದರು. ಯುದ್ಧದ ಸೋಲು, ಅವಮಾನಕರ ಒಪ್ಪಂದ, ಹಣದುಬ್ಬರ, ನಿರುದ್ಯೋಗ, ಕಮ್ಯುನಿಸಂನ ಭಯ, ದುರ್ಬಲ ಸರಕಾರಗಳು, ನಾಯಕರ ಮಾತುಗಾರಿಕೆ. ಕೆಳಗೆ ಮುಕ್ತಾಯವೆಂದು ಒಂದು ವಾಕ್ಯ: ‘ಹೀಗೆ ಜನರು ಮರುಳಾಗಿ ಕೆಟ್ಟ ನಾಯಕರ ಹಿಂದೆ ಹೋದರು.’ ಪಕ್ಕದಲ್ಲಿ ಪರೀಕ್ಷಕರ ಒಂದೇ ಟಿಪ್ಪಣಿ: ‘ವಿವರಣೆ ಎಲ್ಲಿ?’

ಆ ಮುಕ್ತಾಯದ ವಾಕ್ಯವನ್ನು ನೋಡಿ ನನಗೆ ಕಸಿವಿಸಿಯಾಯಿತು. ಅದು ಪುಸ್ತಕದ್ದಲ್ಲ, ನನ್ನದು. ಹಿಂದಿನ ವರ್ಷ ಇದೇ ಕೋಣೆಯಲ್ಲಿ ನಾನೇ ಬರೆಸಿದ್ದೆ.

ಕೋಣೆ ಇದ್ದದ್ದು ಕೋಪರಖೈರಣೆಯಲ್ಲಿ, ಒಂದು ಕನ್ನಡ ಸಂಘದ ಮೊದಲ ಮಹಡಿಯಲ್ಲಿ. ಶನಿವಾರ ಮಧ್ಯಾಹ್ನ ಮೂರರಿಂದ ಐದೂವರೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಾನು ಅಲ್ಲಿ ಪಾಠ ಹೇಳಲು ಡೊಂಬಿವಲಿಯಿಂದ ಹೊರಟು ಠಾಣೆಯಲ್ಲಿ ರೈಲು ಬದಲಿಸಿ ಬರುತ್ತಿದ್ದೆ. ಆ ವರ್ಷ ಆ ಪತ್ರಿಕೆಗೆ ಮೂವರೇ ಇದ್ದರು. ಜವಾನರಿಗೆ ಶನಿವಾರ ರಜೆ. ಎರಡನೆಯವರು ವಾಶಿಯ ಒಂದು ಹೋಟೆಲಿನ ಮ್ಯಾನೇಜರು, ಕುಂದಾಪುರದ ಕಡೆಯವರು. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗೆ ಅವರಿಗೆ ಬಿಡುವು. ಮೂರನೆಯವಳು ಕಲ್ಯಾಣದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಯುವತಿ. ಇಲ್ಲೇ ಹುಟ್ಟಿದವಳು, ಕನ್ನಡ ಓದಲು ಬರೆಯಲು ತಾಯಿಯಿಂದ ಕಲಿತವಳು, ಮಾತು ಮಾತ್ರ ಮರಾಠಿ ಹಿಂದಿ ಬೆರೆತದ್ದು.

ಮೊದಲ ಎರಡು ವಾರ ನಾನು ಹಳೆಯ ದಾರಿಯನ್ನೇ ಹಿಡಿದೆ. ಏಳು ಕಾರಣಗಳನ್ನು ಏಳು ಪ್ಯಾರಾಗಳಾಗಿ ಹಿಗ್ಗಿಸಿದೆ. ಇಂಗ್ಲಿಷ್ ಪುಸ್ತಕಗಳಿಂದ ಸಾರ ತೆಗೆದು ‘ಸಂಸದೀಯ ವ್ಯವಸ್ಥೆಯ ವೈಫಲ್ಯದಿಂದ ಉಂಟಾದ ಭ್ರಮನಿರಸನ’ ಎಂಬಂಥ ವಾಕ್ಯಗಳನ್ನು ಹೊಸೆದು ಕೊಟ್ಟೆ. ಮೂವರೂ ಬಾಯಿಪಾಠ ಮಾಡಿದರು. ಮೂರನೆಯ ಶನಿವಾರ ಗಡಿಯಾರ ಇಟ್ಟು ಬರೆಸಿದೆ. ಮ್ಯಾನೇಜರರ ಉತ್ತರ ಅಚ್ಚುಕಟ್ಟಾಗಿತ್ತು, ಪ್ರಾಣವಿರಲಿಲ್ಲ. ಯುವತಿ ನಾಲ್ಕನೆಯ ಪ್ಯಾರಾಕ್ಕೆ ನಿಂತಿದ್ದಳು. ಜವಾನರು ಮೊದಲ ಎರಡನ್ನು ಬರೆದು, ಮೂರನೆಯದರ ನಡುವಿನ ಒಂದು ಪದ ಮರೆತು, ಪೂರ್ತಿ ನಿಲ್ಲಿಸಿಬಿಟ್ಟಿದ್ದರು. ಹಗ್ಗದ ಒಂದು ಎಳೆ ಕಡಿದರೆ ಬಿಂದಿಗೆಯೇ ಬಾವಿಗೆ ಬಿದ್ದ ಹಾಗೆ.

ನಾನು ಪತ್ರಿಕೆಗಳನ್ನು ತಿರುಗಿಸುತ್ತಿದ್ದಾಗ ಮ್ಯಾನೇಜರು ಕೇಳಿದರು: “ಒಂದು ಡೌಟ್ ಉಂಟು ಮೇಡಂ. ಬೇಸರ ಮಾಡ್ಬೇಡಿ.”

“ಕೇಳಿ.”

“ಆ ಕಾಲದಲ್ಲಿ ಕೆಲಸ ಹೋದದ್ದು ಜರ್ಮನಿಯಲ್ಲಿ ಮಾತ್ರ ಅಲ್ಲ ಅಲ್ವಾ? ಇಂಗ್ಲೆಂಡಲ್ಲೂ ಹೋಯ್ತು, ಅಮೆರಿಕದಲ್ಲೂ ಹೋಯ್ತು. ಇಟಲಿ ಯುದ್ಧದಲ್ಲಿ ಗೆದ್ದ ಕಡೆ ಇತ್ತು ಅಂತ ನೀವೇ ಹೇಳಿದ್ದು. ಹಾಗಾದ್ರೆ ಒಂದು ಮನೆಗೆ ಬೆಂಕಿ ಬಿತ್ತು, ಪಕ್ಕದ ಮನೆಗೆ ಯಾಕೆ ಬೀಳಲಿಲ್ಲ? ಈ ಏಳು ಕಾರಣದಲ್ಲಿ ಅದಕ್ಕೆ ಉತ್ತರ ಎಲ್ಲಿ ಉಂಟು?”

ಎಲ್ಲಿಯೂ ಇರಲಿಲ್ಲ. “ಒಂದು ವಾರ ಕೊಡಿ” ಎಂದೆ. ಅಷ್ಟು ವರ್ಷ ಪಾಠ ಮಾಡಿದವಳಿಗೆ ಹಾಗೆ ಹೇಳುವುದು ಸುಲಭವಾಗಿರಲಿಲ್ಲ.

ಆ ವಾರ ಬೆಳಿಗ್ಗೆಯ ಕಾಲೇಜು ಮುಗಿದ ಮೇಲೆ ಗ್ರಂಥಾಲಯದಲ್ಲಿ ಕೂತು ಹೊಸದಾಗಿ ಓದಿದೆ. ಗೊತ್ತಿದ್ದ ಸಂಗತಿಗಳೇ, ಆದರೆ ಬೇರೆ ಕ್ರಮದಲ್ಲಿ ಕಾಣತೊಡಗಿದವು. ಇಟಲಿಯಲ್ಲಿ ರೈತರು ಜಮೀನು ಹಿಡಿದಾಗ, ಕಾರ್ಮಿಕರು ಕಾರ್ಖಾನೆಯೊಳಗೆ ಕೂತಾಗ, ಜಮೀನುದಾರರು ಫ್ಯಾಸಿಸ್ಟರ ಕಪ್ಪು ಅಂಗಿಯ ದಂಡುಗಳಿಗೆ ಬೆಂಬಲ ಕೊಟ್ಟಿದ್ದರು. ಕೊನೆಗೆ ಅವರ ನಾಯಕನನ್ನು ಅಧಿಕಾರಕ್ಕೆ ಕರೆದದ್ದು ರಾಜ. ಜರ್ಮನಿಯಲ್ಲಿ ಸ್ವತಂತ್ರವಾಗಿ ನಡೆದ ಚುನಾವಣೆಗಳಲ್ಲಿ ಅಲ್ಲಿಯ ಫ್ಯಾಸಿಸ್ಟ್ ಪಕ್ಷ ಎಲ್ಲಕ್ಕಿಂತ ದೊಡ್ಡದಾಯಿತೇ ಹೊರತು ಬಹುಮತ ಪಡೆಯಲಿಲ್ಲ. ಅಧಿಕಾರದ ಬಾಗಿಲು ತೆರೆದವರು ವೃದ್ಧ ಅಧ್ಯಕ್ಷರ ಸುತ್ತ ಇದ್ದ ಹಳೆಯ ಗಣ್ಯರು. ಆ ಪಕ್ಷದ ನಾಯಕನನ್ನು ನಾವು ಹತೋಟಿಯಲ್ಲಿಡುತ್ತೇವೆ ಎಂದುಕೊಂಡವರು. ಎದುರಿಸಬೇಕಿದ್ದ ಎಡಪಕ್ಷಗಳು ತಮ್ಮತಮ್ಮಲ್ಲೇ ಕಚ್ಚಾಡುತ್ತಿದ್ದವು. ಇಂಗ್ಲೆಂಡಿನಲ್ಲೂ ಅಂಥ ಅಂಗಿ ತೊಟ್ಟವರಿದ್ದರು, ಆದರೆ ಅಲ್ಲಿಯ ಸಂಪ್ರದಾಯವಾದಿಗಳಿಗೆ ಸ್ವಂತ ಬಲವಾದ ಪಕ್ಷವಿತ್ತು. ಬಾಗಿಲು ತೆರೆಯುವ ಅಗತ್ಯ ಅವರಿಗೆ ಬೀಳಲಿಲ್ಲ.

ನಾಲ್ಕನೆಯ ಶನಿವಾರ ಇದನ್ನೆಲ್ಲ ಹೇಳಿದೆ. ಮ್ಯಾನೇಜರು ತಲೆದೂಗಿದರು. “ಹಾಗೆ ಹೇಳಿ ಮತ್ತೆ. ಹಸಿವು ಒಂದೇ ಸಾಲುದಿಲ್ಲ, ಬಾಗಿಲು ತೆಗೆಯುವವನೂ ಬೇಕು.” ಮುಂದೆ ನಾನು ಕೆಳಗಿನ ಮಟ್ಟದಲ್ಲಿ ನಡೆದದ್ದನ್ನು ವಿವರಿಸುತ್ತಿದ್ದೆ. ಕೆಲಸವಿಲ್ಲದ ಹುಡುಗರಿಗೆ ಆ ಪಕ್ಷದವರು ಉಳಿಯಲು ಜಾಗ ಕೊಡುತ್ತಿದ್ದರು, ಸೂಪು ಕೊಡುತ್ತಿದ್ದರು, ಒಂದೇ ಬಣ್ಣದ ಅಂಗಿ ತೊಡಿಸಿ ಸಾಲಿನಲ್ಲಿ ನಿಲ್ಲಿಸುತ್ತಿದ್ದರು ಎಂದೆ.

“ಹೌದ್ರಿ” ಎಂದರು ಜವಾನರು. “ಮೊದಲ ಚಹಾ ಕೊಡ್ತಾರ.”

ಪಾಠದ ನಡುವೆ ಅವರು ಬಾಯಿ ಬಿಟ್ಟದ್ದೇ ಅಪರೂಪ. ನಾನು ಪುಸ್ತಕ ಮುಚ್ಚಿದೆ.

“ನಾ ಈ ನೌಕರಿಗೆ ಬರೋ ಮೊದಲ ಠಾಣೆ–ಬೇಲಾಪುರ ರಸ್ತೆ ಮ್ಯಾಲ ಒಂದು ಕೆಮಿಕಲ್ ಕಂಪನ್ಯಾಗ ಗುತ್ತಿಗೆ ಕೆಲಸಕ್ಕಿದ್ದೆ. ಕಂಪನಿ ಬಂದ್ ಆತು. ಐದಾರು ತಿಂಗಳು ನನ್ನ ಬಾಡಿಗಿ ಖೋಲಿ ಇದ್ದ ಚಾಳಿನ ಕಟ್ಟೆ ಮ್ಯಾಲ ಕೂತೀನ್ರಿ. ಊರಿಗೆ ಹೋಗಾಕ ಮುಖ ಇಲ್ಲ. ಆವಾಗ ನಮ್ಮ ಓಣ್ಯಾಗ ಒಬ್ಬ ಮುಂದಾಳು ಬರತಿದ್ದ. ಚಹಾ ಕುಡಿಸಿ ಹೆಸರು ಕೇಳಿದ. ಮರುದಿನ ಹೆಸರು ಹಿಡಿದ ಕರದ. ಅಷ್ಟು ತಿಂಗಳಾಗ ನನ್ನ ಹೆಸರು ಹಿಡಿದ ಕರದವ ಅವ ಒಬ್ಬನ. ನಿನ್ನ ಕೆಲಸ ಕಸಗೊಂಡವರು ಹೊರಗಿಂದ ಬಂದವರು ಅಂದ. ನಾನೂ ಹೊರಗಿಂದ ಬಂದವನ, ಮೇಡಂ. ಅದು ನನ್ನ ತಲೀಗೆ ಹೋಗಲೇ ಇಲ್ಲ.”

ಯುವತಿ ಪೆನ್ನು ಕೆಳಗಿಟ್ಟಳು.

“ಒಂದಿನ ನಾವು ಇಪ್ಪತ್ತು ಮೂವತ್ತು ಮಂದಿ ಸ್ಟೇಷನ್ ಹೊರಗ ಹೋದ್ವಿ. ಅಲ್ಲೊಬ್ಬ ಮೆಕ್ಕೆಜೋಳ ಸುಡಾವ ಇದ್ದ, ಯುಪಿ ಕಡೆಯವ. ಅವನ ಗಾಡಿ ನಾನ ಕೆಡವಿದೆ. ಕೆಂಡ ಎಲ್ಲ ರಸ್ತೆದಾಗ ಬಿತ್ತು. ಅವ ಏನೂ ಅನಲಿಲ್ಲ, ತೆನಿ ಆರಿಸ್ಕೋತ ಕೂತ. ಈಗ ನೆನಸಿಕೊಂಡ್ರ ನಾಚಿಕಿ ಆಗ್ತದ. ಆದ್ರ ಖರೇ ಹೇಳ್ಲೇನ್ರಿ, ಆವತ್ತು ನನಗ ನಾಚಿಕಿ ಆಗಿರಲಿಲ್ಲ. ಭಾಳ ಖುಷಿ ಆಗಿತ್ತು. ಎಲ್ಲರೂ ಹೆಗಲ ಮ್ಯಾಲ ಕೈ ಹಾಕಿದ್ರು. ನಾನೂ ಒಬ್ಬ ಮನಷ್ಯಾ ಅನಿಸಿತ್ತು. ನೀವು ಬರೆಸಿದ ಏಳು ಕಾರಣದಾಗ ಈ ಖುಷಿ ಯಾಕ ಇಲ್ಲ?”

ಕೆಳಗಿನ ಅಂಗಡಿಯವನು ಶಟರ್ ಎಳೆದ ಸದ್ದು ಕೇಳಿತು. ಮುಂದಿನ ಪಾಠ ಮಾಡಲು ನನಗೆ ಆಗಲಿಲ್ಲ, ಆ ದಿನ ಬೇಗ ಬಿಟ್ಟೆವು.

ಐದನೆಯ ಶನಿವಾರ ಜವಾನರು ಬರಲಿಲ್ಲ. ಫೋನು ಎತ್ತಲಿಲ್ಲ. ಉಳಿದಿಬ್ಬರ ಮುಂದೆ ನಾನು ನನ್ನ ತೀರ್ಮಾನವನ್ನು ಹೇಳಿದೆ. ವಾರವಿಡೀ ರೈಲಿನಲ್ಲಿ ಬರುತ್ತ ಹೋಗುತ್ತ ಯೋಚಿಸಿದ್ದೆ. ಕೊಟ್ಟ ನೋಟ್ಸ್ ಎಲ್ಲ ಬದಿಗೆ. ಇನ್ನು ಬಾಯಿಪಾಠವಿಲ್ಲ. ‘ಜನರು’ ಎಂಬ ಪದವನ್ನು ಉತ್ತರದಲ್ಲಿ ಯಾರೂ ಬಳಸುವಂತಿಲ್ಲ. ಬಳಸಿದರೆ ಕೆಂಪು ಗೆರೆ. ಯಾರು ಎಂದು ಬರೆಯಬೇಕು: ಉಳಿತಾಯ ಕರಗಿದ ಗುಮಾಸ್ತ, ಯುದ್ಧದಿಂದ ಮರಳಿದ ಸೈನಿಕ, ದೊಡ್ಡ ಅಂಗಡಿಗೆ ಹೆದರಿದ ಸಣ್ಣ ವ್ಯಾಪಾರಿ, ಸಾಲದಲ್ಲಿದ್ದ ರೈತ, ಮುಷ್ಕರಕ್ಕೆ ಹೆದರಿದ ಕಾರ್ಖಾನೆ ಒಡೆಯ. ಒಬ್ಬೊಬ್ಬರಿಗೂ ನಾಲ್ಕು ಪ್ರಶ್ನೆ. ಅವನಿಗೆ ಏನಾಯಿತು? ಅವನಿಗೆ ಏನನ್ನಿಸಿತು? ಅದಕ್ಕೆ ಯಾರು ಕಾರಣವೆಂದು ಅವನಿಗೆ ಹೇಳಲಾಯಿತು? ಸೇರಿದ ಮೇಲೆ ಅವನಿಗೆ ಸಿಕ್ಕಿದ್ದೇನು? ಕೊನೆಯ ಭಾಗದಲ್ಲಿ ಬಾಗಿಲು ತೆರೆದವರ ಬಗ್ಗೆ, ತೆರೆಯದ ದೇಶಗಳ ಬಗ್ಗೆ.

ಯುವತಿ ಒಪ್ಪಲಿಲ್ಲ. “ಮ್ಯಾಡಮ್, ಹೇ ರಿಸ್ಕಿ ಆಹೆ. ಐದು ವೀಕ್ ಇದೆ ಫಕ್ತ. ನಮ್ಮದು ಬಿಡಿ, ನಾವು ನೆಕ್ಸ್ಟ್ ಟೈಮ್ ಕೊಡಬಹುದು. ಕಾಕಾಂದು ಲಾಸ್ಟ್ ಚಾನ್ಸ್. ಪಾಸಿಂಗಿಗೆ ನೋಟ್ಸ್ ಸಾಕು.”

ಜವಾನರನ್ನು ಅವಳು ಕಾಕಾ ಎಂದೇ ಕರೆಯುತ್ತಿದ್ದಳು. ಅವಳು ಹೇಳಿದ್ದು ತಪ್ಪಲ್ಲ. ನನ್ನ ಪ್ರಯೋಗ ಕೆಟ್ಟರೆ ಅದರ ಬೆಲೆ ತೆರುವವಳು ನಾನಲ್ಲ. ಆದರೆ ನೋಟ್ಸಿನ ದಾರಿಯಲ್ಲಿ ಅವರು ಎರಡು ಸಲ ಬಿದ್ದಿದ್ದರು. ಮೂರನೆಯ ಸಲ ಅದೇ ದಾರಿಯಲ್ಲಿ ಕಳಿಸುವುದಕ್ಕೆ ನನಗೆ ಧೈರ್ಯ ಬರಲಿಲ್ಲ. “ತೀರ್ಮಾನ ಅವರದ್ದೇ. ಅವರನ್ನೇ ಕೇಳುತ್ತೇನೆ” ಎಂದೆ.

ಸೋಮವಾರ ಮಧ್ಯಾಹ್ನ ಬೇಲಾಪುರಕ್ಕೆ ಹೋದೆ. ಜವಾನರು ಮೂರನೆಯ ಮಹಡಿಯ ಕಾರಿಡಾರಿನಲ್ಲಿ ಫೈಲುಗಳ ತಳ್ಳುಗಾಡಿಯ ಹತ್ತಿರ ನಿಂತಿದ್ದರು. ನನ್ನನ್ನು ಕಂಡು ಮುಖ ಬಾಡಿತು.

“ನಾ ಅದನ್ನ ಹೇಳಬಾರದಿತ್ತು. ಮನ್ಯಾಗ ಹೆಂಡ್ತಿಗೂ ಹೇಳಿದವಲ್ಲ. ಆ ಹುಡುಗಿ ಮುಂದ, ಮ್ಯಾನೇಜರ್ ಮುಂದ ಹೇಳಿಬಿಟ್ಟೆ. ಇನ್ನ ಹೆಂಗ ಬರ್ಲಿ?”

“ಆ ಹುಡುಗಿ ನಿಮ್ಮದು ಕೊನೆಯ ಅವಕಾಶ ಅಂತ ನನ್ನ ಜೊತೆ ಜಗಳಾಡಿದಳು” ಎಂದೆ. “ಮ್ಯಾನೇಜರು ನಿಮಗಾಗಿ ಜಾಗ ಹಿಡಿದು ಕೂತಿದ್ದರು. ನೀವು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೇ ಬಂದೆ. ಜನರು ಮರುಳಾದರು ಅಂತ ನಾನು ಇಷ್ಟು ವರ್ಷ ಬರೆಸಿದ್ದು ತಪ್ಪು. ನೀವು ಮರುಳಾಗಿರಲಿಲ್ಲ. ನಿಮಗೆ ಏನೋ ಬೇಕಿತ್ತು, ಅದನ್ನು ಒಬ್ಬ ಕೊಟ್ಟ. ಅದನ್ನು ಬರೆಯಬಲ್ಲವರು ನಮ್ಮಲ್ಲಿ ನೀವೊಬ್ಬರೇ.”

ಹೊಸ ಕ್ರಮವನ್ನು ವಿವರಿಸಿದೆ. ಅಪಾಯವನ್ನೂ ಮುಚ್ಚಿಡಲಿಲ್ಲ. ಅವರು ತಳ್ಳುಗಾಡಿಯ ಹಿಡಿಯನ್ನು ಸ್ವಲ್ಪ ಹೊತ್ತು ಒರೆಸಿದರು. “ನನ್ನ ಕಥಿ ಪರೀಕ್ಷಾದಾಗ ಬರೀಬೇಕೇನ್ರಿ?”

“ಒಂದಕ್ಷರವೂ ಬೇಡ. ಅದು ನಿಮಗೆ ಗೊತ್ತಿದ್ದರೆ ಸಾಕು. ಬರೆಯುವುದು ಜರ್ಮನಿಯ ಗುಮಾಸ್ತನ ಬಗ್ಗೆ.”

ಆರನೆಯ ಶನಿವಾರ ಅವರು ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಹಾಕಿದ್ದರು. ಯುವತಿ ಏನೂ ಆಗದವಳಂತೆ “ಕಾಕಾ, ಲಾಸ್ಟ್ ವೀಕ್ ಎಲ್ಲಿದ್ರಿ, ಹೋಮ್‌ವರ್ಕ್ ಬಹಳ ಇದೆ” ಎಂದು ತನ್ನ ನೋಟುಬುಕ್ಕನ್ನು ಅವರ ಮುಂದಿಟ್ಟಳು.

ಕೆಲಸ ಶುರುವಾಯಿತು. ಮೊದಲ ದಿನ ಮೂವರ ಹಾಳೆಗಳೂ ಕೆಂಪಾದವು. ‘ಜನರು’ ಎಂಬ ಪದ ಬಿಟ್ಟರೆ ಎಷ್ಟು ಕಷ್ಟ ಎಂದು ನನಗೂ ಆಗಲೇ ಗೊತ್ತಾದದ್ದು. ಅದನ್ನು ತೆಗೆದೊಡನೆ ವಾಕ್ಯದಲ್ಲಿ ಒಂದು ಗುಂಡಿ ಬೀಳುತ್ತದೆ. ಅಲ್ಲಿ ಯಾರನ್ನಾದರೂ ನಿಲ್ಲಿಸಲೇಬೇಕು, ನಿಲ್ಲಿಸಬೇಕಾದರೆ ಅವರ ಬಗ್ಗೆ ತಿಳಿದಿರಬೇಕು. ಯುವತಿ ಹಣದುಬ್ಬರವನ್ನು ಹಿಡಿದಳು. ಗಂಡನ ವಿಮೆಯನ್ನು ನಂಬಿ ಬದುಕುತ್ತಿದ್ದ ವಿಧವೆಗೆ ಆ ಮೊತ್ತದಲ್ಲಿ ಬ್ರೆಡ್ಡೂ ಸಿಗದಂತಾದಾಗ, ನಿಯಮ ಪಾಲಿಸಿದವಳು ತಾನು, ಮೋಸ ಹೋದವಳೂ ತಾನೇ ಎಂದು ಅವಳಿಗೆ ಹೇಗೆ ಅನಿಸಿರಬೇಕು ಎಂದು ಬರೆದಳು. ಮ್ಯಾನೇಜರು ಸಣ್ಣ ವ್ಯಾಪಾರಿಯನ್ನು ಹಿಡಿದರು. ಒಂದು ಕಡೆ ದೊಡ್ಡ ಮಳಿಗೆ, ಇನ್ನೊಂದು ಕಡೆ ಕೆಂಪು ಬಾವುಟ, ನಡುವೆ ತನ್ನ ಗಲ್ಲಾಪೆಟ್ಟಿಗೆ. “ಇದು ನನಗೆ ಓದ್ಲೇ ಬೇಕಾಗಿಲ್ಲ ಮೇಡಂ” ಎಂದರು.

ಜವಾನರು ಹಿಡಿದದ್ದು ಮರಳಿ ಬಂದ ಸೈನಿಕನನ್ನು. ಸುದ್ದಿಪತ್ರಿಕೆಗಳು ಗೆಲ್ಲುತ್ತಿದ್ದೇವೆ ಎಂದು ಬರೆಯುತ್ತಿದ್ದಾಗಲೇ ಸೋಲು ಬಂತು. ಯಾಕೆ ಸೋತೆವು ಎಂದು ಅವನಿಗೆ ಯಾರೂ ಹೇಳಲಿಲ್ಲ. ದೇಶದೊಳಗಿನವರೇ ಬೆನ್ನಿಗೆ ಚೂರಿ ಹಾಕಿದರು ಎಂಬ ಸುಳ್ಳನ್ನು ಸೇನಾಧಿಕಾರಿಗಳೇ ಹಬ್ಬಿಸಿದರು. ಅದರ ಹೊರೆ ಯಹೂದಿಗಳ ಮೇಲೆ, ಎಡಪಂಥೀಯರ ಮೇಲೆ ಬಿತ್ತು. ‘ಅವನಿಗೆ ಸೋಲಿನ ನೋವಿಗಿಂತ, ಸೋತವನನ್ನು ಯಾರೂ ಕರೆಯದ ನೋವು ದೊಡ್ಡದಾಗಿತ್ತು. ಪಕ್ಷ ಅವನಿಗೆ ಸಮವಸ್ತ್ರವನ್ನೂ ಸಾಲನ್ನೂ ಶತ್ರುವನ್ನೂ ಒಟ್ಟಿಗೆ ಕೊಟ್ಟಿತು’ ಎಂದು ಬರೆದಿದ್ದರು. ನಾನು ಆ ಪುಟದಲ್ಲಿ ಕೆಂಪು ಪೆನ್ನು ಎತ್ತಲಿಲ್ಲ.

ಎಂಟನೆಯ ವಾರ ಹೊಸ ತೊಂದರೆ. ಒಂದೇ ಪುಟ ಬರೆಯುತ್ತಿದ್ದ ಜವಾನರು ಆರು ಪುಟ ಬರೆಯತೊಡಗಿದ್ದರು. ಒಂದು ಪ್ರಶ್ನೆಗೆ ಸಿಗುವುದು ಮೂವತ್ತೈದು ನಿಮಿಷ, ಅವರು ಗಂಟೆ ದಾಟಿಸುತ್ತಿದ್ದರು. ಹೀಗಾದರೆ ಉಳಿದ ಪ್ರಶ್ನೆಗಳು ಖಾಲಿ. ಪ್ರತಿ ವ್ಯಕ್ತಿಗೆ ಐದು ಸಾಲು, ಬಾಗಿಲಿಗೆ ಒಂದು ಪುಟ ಎಂದು ಮಿತಿ ಹಾಕಿದೆ. ಮ್ಯಾನೇಜರು ತಮ್ಮ ಫೋನಿನಲ್ಲಿ ಗಂಟೆ ಇಟ್ಟು, ಅದು ಬಾರಿಸಿದೊಡನೆ ಎಲ್ಲರ ಪೆನ್ನನ್ನೂ ಕಸಿಯುತ್ತಿದ್ದರು. ಒಂಬತ್ತನೆಯ ಶನಿವಾರ ಜವಾನರು ಮೂವತ್ತಾರು ನಿಮಿಷಕ್ಕೆ ಬಂದರು. ಕೊನೆಯ ಶನಿವಾರ ಮೂವತ್ತಮೂರು. ಅದೇ ಅಚ್ಚಿನಲ್ಲಿ ಉಳಿದ ಪಾಠಗಳನ್ನೂ ಅವರೇ ಕೂತು ತಿದ್ದಿಕೊಂಡಿದ್ದರು. ಫ್ರಾನ್ಸಿನ ಕ್ರಾಂತಿಯಲ್ಲೂ ಅವರ ‘ಜನರು’ ಮಾಯವಾಗಿದ್ದರು.

ಪರೀಕ್ಷಾ ಕೇಂದ್ರ ಬೆಳಗಾವಿ. ಮೂವರೂ ಒಟ್ಟಿಗೆ ಹೋದರು. ನಾನು ಡೊಂಬಿವಲಿಯಲ್ಲೇ ಫೋನು ಮುಂದಿಟ್ಟುಕೊಂಡು ಕೂತೆ. ಮೊದಲು ಫೋನು ಮಾಡಿದವಳು ಯುವತಿ.

“ಮ್ಯಾಡಮ್, ಪ್ರಶ್ನೆ ಬದಲಾಯಿಸಿದ್ದಾರೆ. ಕಾರಣ ವಿವರಿಸಿ ಅಂತ ಬಂದೇ ಇಲ್ಲ. ‘ಬಡತನ ಮತ್ತು ನಿರುದ್ಯೋಗವಷ್ಟೇ ಫ್ಯಾಸಿಸಂನ ಜನಪ್ರಿಯತೆಗೆ ಕಾರಣವೇ? ವಿಮರ್ಶಿಸಿ’ ಅಂತ ಬಂದಿದೆ. ಬಾಜೂ ಬೆಂಚಿನವರು ಪ್ರಶ್ನೆ ಬಿಟ್ಟೇ ಬಿಟ್ಟರು.”

“ನೀನು?” ಎಂದೆ.

“ನಾನು ವಿಧವೆಯಿಂದ ಶುರು ಮಾಡಿದೆ. ನೋಟ್ಸ್ ಪಾಠ ಮಾಡಿದ್ದರೆ ಗೇಲೋ ಅಸ್ತೋ, ಹೋಗೇ ಬಿಡ್ತಿದ್ವಿ. ಕಾಕಾ ಇನ್ನೂ ಹೊರಗೆ ಬಂದಿಲ್ಲ, ಕೊನೆ ನಿಮಿಷದವರೆಗೆ ಬರೀತಿದ್ದಾರೆ.”

ಸ್ವಲ್ಪ ಹೊತ್ತಿಗೆ ಜವಾನರೇ ಮಾತಾಡಿದರು. ಬರೆದು ಬರೆದು ಬೆರಳು ಮಡಚಲು ಬರುತ್ತಿಲ್ಲ ಎಂದರು. “ಬಡತನ ಅಷ್ಟ ಅಲ್ಲ ಅಂತ ಬರದೀನ್ರಿ. ಬಡವನ ಹೆಗಲ ಮ್ಯಾಲ ಮೊದಲ ಕೈ ಯಾರು ಹಾಕ್ತಾರ ಅನ್ನೋದೂ ಕಾರಣ ಅಂತ ಬರದೀನಿ. ಆಮ್ಯಾಲ ರಾಜನ ಬಾಗಿಲು, ಅಧ್ಯಕ್ಷರ ಬಾಗಿಲು, ಇಂಗ್ಲೆಂಡಿನ ಮುಚ್ಚಿದ ಬಾಗಿಲು. ಎಲ್ಲಾ ಬರದೀನಿ.”

ಫಲಿತಾಂಶ ಬಂದ ದಿನ ನಾನು ಠಾಣೆ ಸ್ಟೇಷನ್ನಿನ ಸೇತುವೆಯ ಮೇಲಿದ್ದೆ. ಮೂವರೂ ಪಾಸಾಗಿದ್ದರು. ಎರಡು ಸಲ ಬಿದ್ದಿದ್ದ ಪತ್ರಿಕೆಯಲ್ಲಿ ಜವಾನರಿಗೆ ನೂರಕ್ಕೆ ಎಪ್ಪತ್ತೆರಡು, ಮೂವರಲ್ಲಿ ಅವರದ್ದೇ ಹೆಚ್ಚು. ಹಿಂದಿನಿಂದ ಬರುತ್ತಿದ್ದವರು ತಳ್ಳಿಕೊಂಡು ಹೋಗುತ್ತಿದ್ದರೂ ನಾನು ಕಂಬಿ ಹಿಡಿದು ನಿಂತು ಫೋನಿನಲ್ಲಿ ಯುವತಿಯಿಂದ ಅಂಕಗಳನ್ನು ಮತ್ತೊಮ್ಮೆ ಓದಿಸಿಕೊಂಡೆ. ಎರಡು ತಿಂಗಳಲ್ಲಿ ಬಡ್ತಿಯ ಆದೇಶವೂ ಕೈಗೆ ಬಂತು. ಬರುವ ಪತ್ರಗಳನ್ನು ದಾಖಲಿಸುವ ಆವಕ ವಿಭಾಗದಲ್ಲಿ ಅವರಿಗೆ ಮೇಜು ಕೊಟ್ಟರು.

ಸಂಘದವರು ಮೂವರಿಗೂ ಒಂದು ಭಾನುವಾರ ಬೆಳಿಗ್ಗೆ ಸನ್ಮಾನ ಇಟ್ಟುಕೊಂಡರು. ಸಭಾಂಗಣ ತುಂಬಿತ್ತು. ಶಾಲು ಹೊದಿಸಿದ ಮೇಲೆ ಎರಡು ಮಾತು ಹೇಳಿ ಎಂದು ಕಾರ್ಯದರ್ಶಿ ಮೈಕನ್ನು ಹೊಸ ಗುಮಾಸ್ತರ ಕೈಗೆ ಕೊಟ್ಟರು. ಧನ್ಯವಾದ ಹೇಳಿ ಇಳಿಯುತ್ತಾರೆಂದು ನಾವೆಲ್ಲ ಎಣಿಸಿದ್ದೆವು. ಅವರು ಇಪ್ಪತ್ತು ನಿಮಿಷ ಮಾತಾಡಿದರು. ಚಾಳಿನ ಕಟ್ಟೆ, ಚಹಾ, ಹೆಸರು ಹಿಡಿದು ಕರೆದವನು, ಕೆಡವಿದ ಗಾಡಿ, ಯಾವುದನ್ನೂ ಬಿಡಲಿಲ್ಲ. ಅಲ್ಲಿಂದ ಜರ್ಮನಿಯ ಸೈನಿಕನ ಕಡೆಗೆ ಹೋದರು. ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಗಿ ಮುಂದಕ್ಕೆ ಬಂತು.

ನನ್ನ ಕಣ್ಣು ಮಾತ್ರ ಎರಡನೆಯ ಸಾಲಿನಲ್ಲಿದ್ದ ಅವರ ಹೆಂಡತಿಯ ಮೇಲಿತ್ತು. ಅವರು ಚಪ್ಪಾಳೆ ತಟ್ಟಲಿಲ್ಲ. ತಲೆ ತಗ್ಗಿಸಿ ಕೂತಿದ್ದರು.

ಕಾರ್ಯಕ್ರಮ ಮುಗಿದು ಉಪ್ಪಿಟ್ಟಿನ ತಟ್ಟೆಗಳು ಓಡಾಡುತ್ತಿದ್ದಾಗ ಆಕೆ ನೇರ ನನ್ನ ಹತ್ತಿರ ಬಂದರು.

“ಮದುವ್ಯಾಗಿ ಇಷ್ಟು ವರ್ಷ ಆತ್ರಿ. ಈ ಮಾತು ನನಗ ಹೇಳಿರಲಿಲ್ಲ” ಎಂದರು.

ನಾನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ.

“ರಸ್ತೆದಾಗ ಎಲ್ಲೇ ಗದ್ಲ ಕಂಡ್ರೂ ನನ್ನ ಕೈ ಹಿಡಿದು ಆ ಕಡೆ ಎಳಕೊಂಡು ಹೋಗ್ತಿದ್ರು. ಅಂಜುಬುರುಕ ಅಂತ ತಿಳಿದಿದ್ದೆ. ಇವತ್ತು ಇಷ್ಟು ಮಂದಿ ಮುಂದ ನಿಂತು ಹೇಳಿದ್ರಲ್ಲ, ಅಂಜುಬುರುಕ ಹೇಳಾಂಗಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡು ಕೈಚೀಲ ತೆರೆದು ಮಡಚಿದ ಒಂದು ಕಾಗದ ಹೊರತೆಗೆದರು. ಅದು ಅದೇ ಬಿ.ಎ.ಯ ಪ್ರವೇಶ ಅರ್ಜಿ. ಹೆಸರಿನ ಜಾಗದಲ್ಲಿ ಅವರದೇ ಹೆಸರು ಆಗಲೇ ಬರೆದಾಗಿತ್ತು.

“ನಂದೂ ಹನ್ನೆರಡನೇತ್ತಾ ಪಾಸ್ ಆಗ್ಯದ್ರಿ. ಇದರಾಗ ವಿಷಯ ತುಂಬೋದು ತಿಳೀವಲ್ದು” ಎಂದು ಅರ್ಜಿಯನ್ನು ನನ್ನ ಕೈಗಿಟ್ಟು, ಪಕ್ಕದ ಕುರ್ಚಿ ಎಳೆದು ಕೂತರು. “ಇತಿಹಾಸ ಮೊದಲ ಬರೀರಿ.”